ಬಜೆಯ ಬೇರೂ ಪ್ರಯೋಗದ ಉತ್ಸಾಹವೂ

ನಮ್ಮ ಬೆಳಗಾವಿ ಸೀಮೆಯ ಹಳೆಯ ಮನೆಗಳಲ್ಲಿ ದೇವರ ಗಂಧಕ್ಕೊಂದು, ಕೂಸಿನ ಗುಟ್ಟಿಗೊಂದು, ಹೀಗೆ ಎರಡು ಸಾಣೆಕಲ್ಲುಗಳಿರುವುದುಂಟು. ಗೋಕಾಕದಲ್ಲಾಗಲಿ, ಅದರಿಂದ ಬೇರ್ಪಟ್ಟು ಈಗ ತಾನೇ ಒಂದು ತಾಲ್ಲೂಕಾಗಿರುವ ಮೂಡಲಗಿಯಲ್ಲಾಗಲಿ, ಹುಕ್ಕೇರಿಯ ಪೇಟೆಯಲ್ಲಾಗಲಿ ಗುಟ್ಟಿಯ ಸಾಮಾನು ಬೇಕೆಂದು ಕೇಳಿದರೆ ಅಂಗಡಿಕಾರನು ಅಳಲೆಕಾಯಿ, ಜಾಜಿಕಾಯಿ, ಒಣಶುಂಠಿ, ಉತ್ತತ್ತಿ, ಬಾದಾಮಿಗಳ ಜೊತೆಗೆ ಗಂಟುಗಂಟಾದ ಒಂದು ಬೇರಿನ ತುಂಡನ್ನೂ ಪೊಟ್ಟಣ ಕಟ್ಟಿ ಕೊಡುವನು. ಅದೇ ಬಜೆ. ಸಂಸ್ಕೃತದ ‘ವಚಾ’ ಶಬ್ದವೇ ತದ್ಭವವಾಗಿ ‘ಬಜೆ’ಯಾಯಿತು. ಮಾತಾಡು ಎಂಬರ್ಥದ ‘ವಚ್’ ಧಾತುವಿನೊಡನೆ ಈ ಹೆಸರನ್ನು ಕೂಡಿಸಿ, ಇದನ್ನು ನೆಕ್ಕಿದ ಕೂಸು ಬೇಗನೆ ಮಾತು ಕಲಿಯುವುದು, ಅದರ ಬುದ್ಧಿ ಚುರುಕಾಗುವುದು ಎಂದು ಹಿರಿಯರು ನಂಬಿದರು. ಅಮರಸಿಂಹನು ಇದಕ್ಕೆ ಉಗ್ರಗಂಧಾ, ಷಡ್ಗ್ರಂಥಾ ಎಂಬ ಹೆಸರುಗಳನ್ನೂ ಹೇಳಿರುವನು. ಒಮ್ಮೆ ಮೂಗಿಗೆ ಹಿಡಿದು ನೋಡಿದವರಿಗೆ ಮೊದಲನೆಯ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ.

ಮೂಡಲಗಿಯ ಕಡೆಯ ಸೋದರಿಯೊಬ್ಬರು ಈ ಬಜೆಯ ವಿಷಯವಾಗಿ ನನಗೆ ಪತ್ರ ಬರೆದಿರುವರು. ಅವರ ಮಗನು ದೊಡ್ಡ ಪರೀಕ್ಷೆಯೊಂದಕ್ಕೆ ಓದುತ್ತಿರುವನು. ರಾತ್ರಿ ಹತ್ತಕ್ಕೇ ತೂಕಡಿಕೆ. ಅಮೇರಿಕೆಯಿಂದ ಬಂದ ಬಂಧುಗಳೊಬ್ಬರು, ಆ ದೇಶದಲ್ಲಿ ಸಸಾಫ್ರಾಸ್ ಎಂಬ ಮರದ ಬೇರಿನ ಕಷಾಯವನ್ನು ಕುಡಿದು ಜನರು ಮೈಯ ಜಡವನ್ನು ಕಳೆದುಕೊಳ್ಳುತ್ತಿದ್ದರೆಂದು ಹೇಳಿದರಂತೆ. “ಅದು ನಮಗೆ ಇಲ್ಲಿ ಸಿಗಲಾರದು. ನಮ್ಮ ಬಜೆಯೂ ಬುದ್ಧಿಗೆ ಒಳ್ಳೆಯದೇ ಅಲ್ಲವೆ, ಮಾಸ್ತರರೇ? ದಿನಾಲು ಒಂದು ಚಮಚ ಪುಡಿಯನ್ನು ಹಾಲಿನಲ್ಲಿ ಕಲಸಿ ಕೊಟ್ಟು ಒಂದು ತಿಂಗಳು ಪ್ರಯೋಗ ಮಾಡಿ ನೋಡಲೇ?” ಎಂಬುದು ಅವರ ಪ್ರಶ್ನೆ. ಕೊಡಬೇಡಿರೆಂದು ಅಂದೇ ಕಾರ್ಡು ಬರೆದೆನು. ಕಾರಣಗಳು ಕಾರ್ಡಿನಲ್ಲಿ ಹಿಡಿಸುವಂಥವಲ್ಲ; ಅಲ್ಲದೆ ಅವು ಅವರೊಬ್ಬರಿಗೇ ಬೇಕಾದವೂ ಅಲ್ಲ.

ಮೊದಲು ಆ ಪರದೇಶದ ಮರದ ಕಥೆಯನ್ನೇ ಕೇಳಿರಿ. ಸಸಾಫ್ರಾಸ್ ಉತ್ತರ ಅಮೇರಿಕೆಯ ಪೂರ್ವಭಾಗದ ಅಡವಿಗಳಲ್ಲಿ ಬೆಳೆಯುವುದು. ನಮ್ಮ ದಾಲ್ಚಿನ್ನಿ, ಕರ್ಪೂರದ ಮರಗಳ ಕುಲಕ್ಕೇ ಸೇರಿದುದು. ಅಲ್ಲಿಯ ಮೂಲನಿವಾಸಿಗಳು ಅದನ್ನು ಔಷಧಿಯಾಗಿ ಬಳಸುತ್ತಿದ್ದರು. ೧೬ನೆಯ ಶತಮಾನದಲ್ಲಿ ಸೆವಿಲ್ ನಗರದ ಮೊನಾರ್ಡೆಸ್ ಎಂಬ ವೈದ್ಯನು ಅದರ ಗುಣಗಳನ್ನು ಕೊಂಡಾಡಿ ಬರೆದನು; ಯುರೋಪಿನವರು ಅದನ್ನು ಹಡಗುಗಳಲ್ಲಿ ತರಿಸತೊಡಗಿದರು. ಚಳಿಗಾಲ ಕಳೆದು ವಸಂತ ಬಂದೊಡನೆ ರಕ್ತಶುದ್ಧಿಯಾಗಲೆಂದು ಅಮೇರಿಕೆಯ ಹಳ್ಳಿಗರು ಅದರ ಬೇರಿನ ತೊಗಟೆಯನ್ನು ಕುದಿಸಿ ಕುಡಿದರು. ರೂಟ್ ಬಿಯರ್ ಎಂಬ ಅವರ ಪಾನಕಕ್ಕೂ ಆ ಬೇರಿನದೇ ರುಚಿ. ಹೀಗೆ ತಲೆಮಾರುಗಳು ಸಂದುವು. ಆ ಮೇಲೆ ಅದರ ಎಣ್ಣೆಯಲ್ಲಿ ಬಹುಪಾಲಾಗಿರುವ ಸಾಫ್ರೋಲ್ ಎಂಬ ದ್ರವ್ಯವನ್ನು ಇಲಿಗಳಿಗೆ ಬಹುಕಾಲ ತಿನ್ನಿಸಿ ನೋಡಲಾಗಿ, ಅವುಗಳ ಯಕೃತ್ತಿನಲ್ಲಿ ಅರ್ಬುದವು ಕಾಣಿಸಿತು. ೧೯೬೦ರಲ್ಲಿ ಆ ದೇಶದ ಸರಕಾರವು ಆಹಾರಪಾನೀಯಗಳಲ್ಲಿ ಸಾಫ್ರೋಲನ್ನು ನಿಷೇಧಿಸಿತು. ೧೯೭೬ರಲ್ಲಿ ಬೇರಿನ ಚಹದ ಮೇಲೂ ಕೈಯಿಟ್ಟಿತು. ಸಾಫ್ರೋಲನ್ನು ತೆಗೆದ ಸಾರವನ್ನು ಮಾತ್ರ ಬಿಟ್ಟರು. ಇಲ್ಲೊಂದು ಸೋಜಿಗವುಂಟು. ಸಾಫ್ರೋಲು ತಾನಾಗಿ ಅಷ್ಟು ಕೆಡುಕು ಮಾಡುವುದಿಲ್ಲ. ಅದನ್ನು ದೇಹದಿಂದ ಹೊರಹಾಕಬೇಕೆಂದು ಯಕೃತ್ತು ಮಾರ್ಪಡಿಸುವಾಗ ಹುಟ್ಟುವ ಇನ್ನೊಂದು ವಸ್ತುವು ಜೀವಕೋಶದ ಬೀಜದ್ರವ್ಯಕ್ಕೆ ಅಂಟಿಕೊಳ್ಳುವುದು. ಕಸ ಗುಡಿಸುವವಳ ಕೈಗೇ ಮುಳ್ಳು ನಟ್ಟಂತೆ.

ಪರದೇಶದ ಮರಕ್ಕೂ ನಮ್ಮ ಬಜೆಗೂ ಏನು ಸಂಬಂಧವೆಂದು ಕೇಳುವಿರಾದರೆ, ಗಿಡಗಳಿಗೆ ಸಂಬಂಧವಿಲ್ಲ. ಒಳಗಿನ ಎಣ್ಣೆಗಳಿಗೆ ಇದೆ. ಬಜೆಯ ಉಗ್ರಗಂಧಕ್ಕೆ ಕಾರಣವಾದ ದ್ರವ್ಯಗಳಲ್ಲಿ ಮುಖ್ಯವಾದುದು ಬೀಟಾ-ಅಸರೋನ್. ರಸಾಯನಶಾಸ್ತ್ರದಲ್ಲಿ ಇದು ಸಾಫ್ರೋಲಿನ ದಾಯಾದಿ. ಅಮೇರಿಕೆಯಲ್ಲಿ ತಾನಾಗಿ ಬೆಳೆಯುವ ಬಜೆಯ ಜಾತಿಯಲ್ಲಿ ಇದು ಇಲ್ಲ. ನಮ್ಮ ದೇಶದ ಬಜೆಯೆಣ್ಣೆಯಲ್ಲಿಯಾದರೋ ಇದೇ ಹೆಚ್ಚು. ಜಮ್ಮುವಿನ ಬಜೆಯೆಣ್ಣೆಯನ್ನು ಇಲಿಗಳ ಆಹಾರದಲ್ಲಿ ಬೆರೆಸಿ ನೋಡಿದ ವರದಿಯು ೧೯೬೭ರಲ್ಲಿ ಹೊರಬಿದ್ದಿತು. ಇಲಿಗಳ ಕರುಳಿನಲ್ಲಿ ಗಂಟುಗಳು ಬೆಳೆದಿದ್ದುವು. ಮರುವರ್ಷ, ೧೯೬೮ರಲ್ಲಿ, ಅಮೇರಿಕೆಯು ಬಜೆಯನ್ನೂ ಆಹಾರದಿಂದ ಹೊರಗಿಟ್ಟಿತು. ಪರದೇಶದವರ ಕಟ್ಟಳೆ ನಮಗೇಕೆ ಎನ್ನಲಾಗದು. ನಮ್ಮದೇ ಸರಕಾರದ ೨೦೧೧ರ ಆಹಾರ ಸುರಕ್ಷತೆಯ ನಿಯಮಗಳಲ್ಲಿ, ರುಚಿವಾಸನೆಗಾಗಿ ಯಾವ ತಿನಿಸಿಗೂ ಸೇರಿಸಕೂಡದೆಂದು ಹೇಳಿದ ದ್ರವ್ಯಗಳ ಪಟ್ಟಿಯಲ್ಲಿ ಸಾಫ್ರೋಲೂ ಬೀಟಾ-ಅಸರೋನೂ ಒಟ್ಟಿಗೇ ಕುಳಿತಿವೆ.

ಬಜೆಯ ಮೇಲೆ ನನಗೆ ದ್ವೇಷವಿಲ್ಲ. ತುಮಕೂರು ಜಿಲ್ಲೆಯ ಕೊರಟಗೆರೆಯ ಕಡೆ ಇದು ನೀರುಗದ್ದೆಗಳ ಬೆಳೆ. ಅಲ್ಲಿಯ ಒಕ್ಕಲಿಗರಿಗೆ ಅನ್ನ ಕೊಡುವುದು. ನನ್ನ ಸಂಸ್ಕೃತ ಪುಸ್ತಕಗಳ ಪೆಟ್ಟಿಗೆಯಲ್ಲಿ ಇಂದಿಗೂ ಬಜೆಯ ಪುಡಿಯ ಸಣ್ಣ ಗಂಟೊಂದಿದೆ. ಹುಳು ಆ ಕಡೆ ಸುಳಿಯುವುದಿಲ್ಲ. ಆದರೆ ಹುಳುವಿನ ಸಂತಾನವನ್ನೇ ತಡೆಯಬಲ್ಲ ಶಕ್ತಿ ಈ ಅಸರೋನಿಗಿದೆ ಎಂಬುದನ್ನು ಓದಿದ ಮೇಲೆ, ಇದನ್ನು ಚಮಚದಿಂದ ಅಳೆಯುವವರನ್ನು ಕಂಡರೆ ನನ್ನ ಎದೆ ಝಲ್ಲೆನ್ನುವುದು.

ಇನ್ನು ನಮ್ಮ ಆಯುರ್ವೇದವು ಏನು ಹೇಳುವುದು? ಚರಕನು ವಚೆಯನ್ನು ಸಂಜ್ಞಾಸ್ಥಾಪನ ಗಣದಲ್ಲಿ, ಎಂದರೆ ತಪ್ಪಿದ ಎಚ್ಚರವನ್ನು ಮರಳಿ ತರುವ ದ್ರವ್ಯಗಳಲ್ಲಿ, ಎಣಿಸಿರುವನು. ಇದನ್ನೇ ಹಿಡಿದುಕೊಂಡು ‘ಬುದ್ಧಿವರ್ಧಕ’ ಎಂಬ ಚೀಟಿ ಅಂಟಿಸಿ ಮಾರುವವರು ಶಾಸ್ತ್ರದ ಉಳಿದ ಮಾತನ್ನು ಬಿಟ್ಟುಬಿಡುವರು. ವೈದ್ಯರು ಹಸಿ ವಚೆಯನ್ನು ಹಾಗೆಯೇ ಕೊಡುವುದಿಲ್ಲ. ಗೋಮೂತ್ರವೇ ಮೊದಲಾದ ದ್ರವಗಳಲ್ಲಿ ಬೇಯಿಸಿ ಶೋಧನೆ ಮಾಡುವ ವಿಧಿಯುಂಟು. ಭಾರತ ಸರಕಾರದ ಆಯುರ್ವೇದ ಔಷಧಕೋಶದಲ್ಲಿ ದೊಡ್ಡವರಿಗೆ ಹೇಳಿದ ಪುಡಿಯ ಮಾತ್ರೆಯು ೬೦ರಿಂದ ೧೨೦ ಮಿಲಿಗ್ರಾಮು. ಒಂದೆರಡು ಗ್ರಾಮಿಗೇರಿದರೆ ಅದು ವಾಂತಿ ಮಾಡಿಸುವ ಔಷಧಿ! ಒಂದು ಚಹದ ಚಮಚದಲ್ಲಿ ಎರಡು ಗ್ರಾಮು ಪುಡಿ ಸುಲಭವಾಗಿ ನಿಲ್ಲುವುದು. ನಮ್ಮ ಸೋದರಿಯವರು ಮಗನಿಗೆ ಹಾಲಿನಲ್ಲಿ ಕಲಸಿ ಕೊಡಬೇಕೆಂದಿದ್ದುದು ಬುದ್ಧಿಯ ಮದ್ದಲ್ಲ, ವಮನದ ಮದ್ದು. ಎಚ್ಚರವಿರಿಸುವುದೋ ಎಂದರೆ, ೧೯೬೦ರ ಸುಮಾರಿಗೆ ನಮ್ಮ ದೇಶದ ಸಂಶೋಧಕರೇ ಪ್ರಾಣಿಗಳ ಮೇಲೆ ಪರೀಕ್ಷಿಸಿದಾಗ ಅಸರೋನು ಅವುಗಳನ್ನು ಶಾಂತಗೊಳಿಸಿತು. ನಿದ್ರೆಯ ಔಷಧಿಯ ಪರಿಣಾಮವನ್ನು ಇನ್ನಷ್ಟು ಉದ್ದ ಮಾಡಿತು. ತೂಕಡಿಕೆಯನ್ನು ಓಡಿಸಹೋಗಿ ಅದಕ್ಕೆ ಮಣೆ ಹಾಕಿ ಕೂರಿಸಿದಂತಾಗುತ್ತಿತ್ತು.

ಪ್ರಯೋಗ ಮಾಡಿದವರೂ ಉಂಟು. ಸ್ವೀಡನ್ ದೇಶದಲ್ಲಿ ೨೦೦೩ರಿಂದ ೨೦೦೬ರ ವರೆಗೆ, ಬಜೆಯೆಣ್ಣೆಯಿಂದ ಮತ್ತೇರುವುದೆಂಬ ಮಾತನ್ನು ನಂಬಿ ಅದನ್ನು ಕುಡಿದವರು ವಿಷಚಿಕಿತ್ಸೆಯ ವೈದ್ಯರ ಬಳಿಗೆ ಬಂದರು. ಅವರು ಬಯಸಿದ ವಿಚಿತ್ರ ದೃಶ್ಯಗಳು ಕಾಣಿಸಲಿಲ್ಲ. ತಾಸುಗಟ್ಟಲೆ ನಿಲ್ಲದ ವಾಂತಿಯೊಂದೇ ಕಾಣಿಸಿತು.

ವಾಂತಿಯಾದರೆ ಒಳ್ಳೆಯದೇ, ತಪ್ಪು ತಿಳಿಯುವುದು. ತಿಳಿಯದೆ ಹೋಗುವ ಕೆಡುಕೇ ಇಲ್ಲಿ ಮುಖ್ಯವಾದುದು. “ನಾನು ತಿಂದು ನೋಡಿದೆ, ನನಗೇನೂ ಆಗಲಿಲ್ಲ” ಎಂಬ ಮಾತನ್ನು ಅನೇಕರು ಪ್ರಮಾಣವೆಂದು ಮುಂದಿಡುವರು. ಪ್ರತ್ಯಕ್ಷವು ಪ್ರಮಾಣವೇ ಸರಿ. ಆದರೆ ಕಣ್ಣಿಗೆ ಬೀಳುವಷ್ಟಕ್ಕೆ ಮಾತ್ರ. ತಿಂದ ಒಂದು ತಾಸಿನಲ್ಲಿ ಹೊಟ್ಟೆ ತೊಳಸಿದರೆ ಅಜ್ಜಿಗೆ ತಿಳಿಯುವುದು. ಅವಳು ಮಾತ್ರೆಯನ್ನು ಇಳಿಸುವಳು. ತಲೆಮಾರುಗಳ ಅನುಭವದಿಂದ ಹೀಗೆಯೇ ‘ಎರಡು ಸುತ್ತು ಸಾಕು’ ಎಂಬ ಅಳತೆ ಹುಟ್ಟಿತು. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಇಪ್ಪತ್ತು ವರ್ಷಗಳ ಬಳಿಕ ಯಕೃತ್ತಿನಲ್ಲಿ ಗಂಟು ಎದ್ದರೆ, ಅದಕ್ಕೂ ಎಂದೋ ತಿಂದ ಬೇರಿಗೂ ಯಾವ ಅಜ್ಜಿ ತಾನೇ ನಂಟು ಕಲ್ಪಿಸಬಲ್ಲಳು? ಅಮೇರಿಕೆಯ ಅಜ್ಜಿಯರಿಗೂ ಅದು ತಿಳಿಯಲಿಲ್ಲ. ಇಲಿಗೆ ಕೊಟ್ಟ ಮಾತ್ರೆ ಬಹಳ ದೊಡ್ಡದು ಎಂಬುದು ನಿಜ. ಬಜೆಯಿಂದಲೇ ಇಂಥವರಿಗೆ ಅರ್ಬುದವಾಯಿತೆಂದು ಮನುಷ್ಯರಲ್ಲಿ ಸಿದ್ಧವಾಗಿಲ್ಲವೆಂಬುದೂ ನಿಜ. ಹಾಗೆಂದು ಅದು ನಿರಪಾಯವೆಂದು ಸಿದ್ಧವಾದಂತಾಗಲಿಲ್ಲ. ಒಂದು ತಿಂಗಳ ಮನೆಯ ಪ್ರಯೋಗದಿಂದ ಎರಡರಲ್ಲಿ ಒಂದೂ ತಿಳಿಯುವಂತಿಲ್ಲ.

ಜಾಜಿಕಾಯಿಯಲ್ಲಿಯೂ ಸಾಫ್ರೋಲು ಸ್ವಲ್ಪ ಉಂಟು. ಗೋಕಾಕದ ಕರದಂಟನ್ನು ಬಿಡಬೇಕೇ ಎಂದು ಗಾಬರಿಯಾಗಬೇಡಿರಿ. ಪರಿಮಳಕ್ಕಾಗಿ ತುರಿದ ಚಿಟಿಕೆಯಿಂದ ಭಯವಿಲ್ಲ. ಒಂದು ಇಡೀ ಕಾಯಿಯನ್ನು ಪುಡಿಮಾಡಿ ನುಂಗಿದವರಿಗೆ ಮಾತ್ರ ಎದೆ ಡವಗುಟ್ಟಿ, ಬಾಯೊಣಗಿ, ಭ್ರಮೆ ಹಿಡಿದು ಆಸ್ಪತ್ರೆ ಸೇರುವ ಪ್ರಸಂಗ ಬರುವುದು.

ಓದುವ ಹುಡುಗನ ಮಾತು ಬೇಗ ಮುಗಿಯುವಂಥದು. ಹತ್ತಕ್ಕೆ ತೂಕಡಿಸುವವನನ್ನು ಹತ್ತಕ್ಕೇ ಮಲಗಿಸಿ ನಸುಕಿನ ಐದಕ್ಕೆ ಎಬ್ಬಿಸಿರಿ. ಬೇಕಾದರೆ ಒಂದು ಲೋಟ ಚಹ ಕೊಡಿರಿ. ಊಟವಾದ ಮೇಲೂ ಹಗಲೆಲ್ಲ ಜಡವಾಗಿದ್ದರೆ ರಕ್ತಹೀನತೆ ಇರಬಹುದು, ವೈದ್ಯರಿಗೆ ತೋರಿಸಿರಿ.

ಕೂಸಿನ ಮಾತು ಹಾಗೆ ಮುಗಿಯದು. ಸುಶ್ರುತನ ಶಾರೀರಸ್ಥಾನದಲ್ಲಿ ಬಂಗಾರ, ಕೋಷ್ಠ, ಜೇನು, ತುಪ್ಪಗಳೊಡನೆ ವಚೆಯನ್ನು ಕೂಸಿಗೆ ನೆಕ್ಕಿಸುವ ವಿಧಿಯುಂಟೆಂದು ತಿಳಿದವರು ನನಗೆ ನೆನಪು ಮಾಡಿಕೊಡುವರು. ಉಂಟು, ನಾನೂ ಓದಿದ್ದೇನೆ. ಆದರೆ ಜೇನಿನಲ್ಲಿ ಅಡಗಿರಬಹುದಾದ ಬೊಟುಲಿಸಂ ಎಂಬ ರೋಗದ ಬೀಜವು ಒಂದು ವರ್ಷದೊಳಗಿನ ಕೂಸಿನ ಕರುಳಿನಲ್ಲಿ ಮೊಳೆತು ಮೈಯನ್ನೇ ಸೋಲಿಸಬಹುದೆಂಬುದು ಆ ಕಾಲದಲ್ಲಿ ಯಾರಿಗೂ ತಿಳಿದಿರಲಿಲ್ಲ, ನಮಗೆ ತಿಳಿದಿದೆ. ಮೊದಲಿನ ಆರು ತಿಂಗಳು ತಾಯಿಯ ಹಾಲಲ್ಲದೆ ಬೇರೇನೂ ಬೇಡವೆಂದು ಈಗಿನ ವೈದ್ಯರು ಹೇಳುವರು. ಅದರಲ್ಲಿ ಗುಟ್ಟಿಯೂ ಸೇರಿತು. ಅತ್ತೆಯವರು ಒಪ್ಪದಿದ್ದರೆ ಜಗಳ ಬೇಡ. ತೊಟ್ಟಿಲ ಶಾಸ್ತ್ರಕ್ಕೆ ಸಾಣೆಕಲ್ಲನ್ನು ಪೂಜಿಸಲಿ, ಬಜೆಯನ್ನು ತೇಯ್ದು ಕೂಸಿನ ಅಂಗಾಲಿಗೆ ಒಂದು ಬೊಟ್ಟಿಡಲಿ, ಬಾಯಿಗೆ ಬೇಡ. ಬಜೆಯ ಮಣಿಗಳನ್ನು ಪೋಣಿಸಿ ಕೈಗೆ ಕಟ್ಟುವ ವಾಡಿಕೆಯೂ ಕೆಲವೆಡೆ ಇದೆ. ಕೂಸು ಕೈಯನ್ನು ಬಾಯಿಗಿಡದೆ ಬಿಡುವುದೇ? ಹಗಲೆಲ್ಲ ಅದನ್ನೇ ಚೀಪುವುದು. ಬಿಚ್ಚಿ ತೆಗೆಯಿರಿ.

ಗರ್ಭಿಣಿಯರೂ ಮೊಲೆಯೂಡಿಸುವ ತಾಯಂದಿರೂ ಬಜೆಯನ್ನು ಸ್ವಂತ ಬುದ್ಧಿಯಿಂದ ಸೇವಿಸತಕ್ಕದ್ದಲ್ಲ. ವೈದ್ಯರೇ ಬರೆದುಕೊಟ್ಟರೆ ಶೋಧಿಸಿದ ಬಜೆಯೋ ಹೇಗೆ, ಎಷ್ಟು ದಿನ ಎಂದು ಕೇಳಿ ತಿಳಿದುಕೊಳ್ಳಿರಿ. ಅಂಗಡಿಯಲ್ಲಿ ‘ಅತಿಬಜೆ’ ಎಂದು ಕೊಡುವುದು ಬೇರೆಯೇ ಗಿಡದ ಬೇರು. ಒಂದರ ಬದಲು ಇನ್ನೊಂದು ತರಬೇಡಿರಿ. ಬಜೆಯೆಣ್ಣೆಯ ಶೀಸೆಯೇನಾದರೂ ಮನೆಯಲ್ಲಿದ್ದರೆ ಕೀಲಿಯ ಕಪಾಟಿನಲ್ಲಿಡಿರಿ. ಯಾರಾದರೂ ನುಂಗಿ ವಾಂತಿ ನಿಲ್ಲದಿದ್ದರೆ ಮನೆಮದ್ದಿಗಾಗಿ ಕಾಯದೆ, ಆ ಶೀಸೆಯನ್ನೋ ಪೊಟ್ಟಣವನ್ನೋ ಕೈಯಲ್ಲಿಯೇ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿರಿ.