ಸೆಕೆ ಹೋಯ್ತು ಸರಿ, ಉಪ್ಪು-ಒಣಮೀನಿನವರ ಕಥೆ ಏನು?

ಕಾರವಾರ: 2025ರ ಮೇ ತಿಂಗಳಲ್ಲೇ ಫ್ಯಾನ್ ಬೇಡ ಅನ್ನುವಷ್ಟು ತಂಪಾಗಿತ್ತು. ಜೂನ್ 1ಕ್ಕೆ ಬರಬೇಕಿದ್ದ ಮುಂಗಾರು ಆ ವರ್ಷ ಮೇ 24ಕ್ಕೇ ಕೇರಳ ಮುಟ್ಟಿತ್ತು. 2009ರ ನಂತರ ಅಷ್ಟು ಬೇಗ ಬಂದಿದ್ದು ಅದೇ ಮೊದಲು. ಅದೇ ದಿನ ಅರಬ್ಬಿ ಸಮುದ್ರದ ವಾಯುಭಾರ ಕುಸಿತವೂ ರತ್ನಾಗಿರಿ ಬಳಿ ದಡ ಸೇರಿತ್ತು.

ಸೆಕೆ ಹೋಯ್ತಲ್ಲ ಅಂತ ಪೇಟೆಯವರಿಗೆ ಖುಷಿಯಾಗಿತ್ತು. ಆದರೆ ಗೋಕರ್ಣ ಹತ್ತಿರದ ಸಾಣಿಕಟ್ಟಾದಲ್ಲಿ ಉಪ್ಪಾಗೋದು ಬಿಸಿಲಿನಿಂದಲೇ. ದೊಡ್ಡ ಮಳೆ ಬಿದ್ದರೆ ಆಗರದ ನೀರು ಸಪ್ಪೆಯಾಗಿ ಹಂಗಾಮೇ ಮುಗೀತು. ಮಳೆಗಾಲಕ್ಕೆಂದು ಮೀನು ಒಣಗಿಸುವ ಹೆಂಗಸರಿಗೂ ಬೇಕಿದ್ದು ಇದೇ ಬಿಸಿಲು. ಯಾಂತ್ರಿಕ ಬೋಟ್‌ಗಳಿಗೆ ಜೂನ್ 1ರಿಂದ 61 ದಿನ ನಿಷೇಧ ಹೇಗೂ ಇದೆ. ಅದಕ್ಕೂ ಮೊದಲಿನ ದುಡಿಮೆಯ ವಾರವೂ ಆಗ ಕೈತಪ್ಪಿತು. ಮಳೆಗೆ ಮನೆ ಬಿದ್ದರೆ ಅಧಿಕಾರಿಗಳು ಬಂದು ಪಂಚನಾಮೆ ಮಾಡ್ತಾರೆ. ಒಣಗದ ಮೀನಿಗೆ ಯಾರೂ ಬರೋದಿಲ್ಲ.