ಮಿಲ್ ಪಂಡಿತನ ಸ್ವಾತಂತ್ರ್ಯತತ್ತ್ವವೂ ಅದರ ಅಪವಾದವೂ

ಜಾನ್ ಸ್ಟುವರ್ಟ್ ಮಿಲ್ಲನ ಹೆಸರನ್ನು ಕೇಳದ ವಿದ್ಯಾವಂತರು ವಿರಳ. ೧೮೫೯ನೆಯ ಇಸವಿಯಲ್ಲಿ ಹೊರಬಂದ ಆತನ ‘ಸ್ವಾತಂತ್ರ್ಯ’ವೆಂಬ ಚಿಕ್ಕ ಗ್ರಂಥಕ್ಕೆ ತಲೆದೂಗಿದವರೂ ಬಹಳ. ಆದರೆ ಅದರ ಮೊದಲ ಪ್ರಕರಣದಲ್ಲಿಯೇ ಇರುವ ಒಂದು ಅಪವಾದವನ್ನು ಅನೇಕರು ಗಮನಿಸದೆ ದಾಟಿಬಿಡುತ್ತಾರೆ. ಪರರಿಗೆ ಹಾನಿಯನ್ನು ತಡೆಯಲಿಕ್ಕಲ್ಲದೆ ಯಾವ ವ್ಯಕ್ತಿಯ ಮೇಲೂ ಸಮಾಜವು ಬಲಪ್ರಯೋಗ ಮಾಡಕೂಡದೆಂದು ಸಾರಿದ ಮಿಲ್ಲನು, ಒಡನೆಯೇ, ಈ ನಿಯಮವು ಎಳೆಯ ಮಕ್ಕಳಿಗೂ ಹಿಂದುಳಿದ ಸಮಾಜಗಳಿಗೂ ಸಲ್ಲದು, ಸುಧಾರಣೆಯೇ ಉದ್ದೇಶವಾಗಿದ್ದರೆ ಅಂಥ ಜನರ ಮೇಲೆ ನಿರಂಕುಶಾಧಿಕಾರವೂ ನ್ಯಾಯ್ಯವೇ ಎಂದುಬಿಟ್ಟನು!

ಈ ಮಾತು ಬಂದುದೆಲ್ಲಿಂದ? ೧೮೦೬ರಲ್ಲಿ ಹುಟ್ಟಿದ ಈತನಿಗೆ ತಂದೆಯಾದ ಜೇಮ್ಸ್ ಮಿಲ್ಲನು ಮೂರನೆಯ ವರ್ಷಕ್ಕೇ ಗ್ರೀಕ್ ಭಾಷೆಯ ಪಾಠವನ್ನು ಹಿಡಿಸಿದನು. (ನಮ್ಮ ಮಾಸ್ತರರು ಇದನ್ನು ಅನುಕರಿಸದಿರಲಿ; ಇಪ್ಪತ್ತರ ಪ್ರಾಯಕ್ಕೆ ಹುಡುಗನ ಮನಸ್ಸು ಕುಸಿದುಹೋಯಿತು.) ಹಿಂದುಸ್ತಾನವನ್ನು ಒಮ್ಮೆಯೂ ಕಾಣದೆ ಅದರ ದೊಡ್ಡ ಇತಿಹಾಸವನ್ನು ಬರೆದವನೂ ಆ ತಂದೆಯೇ. ಮಗನು ೧೮೨೩ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯನ್ನು ಸೇರಿ ೩೫ ವರ್ಷ ಅಲ್ಲಿ ಲೇಖಣಿ ಸವೆಸಿದನು. ಅವನೂ ಈ ನೆಲವನ್ನು ಮೆಟ್ಟಲಿಲ್ಲ. ೧೮೫೮ರಲ್ಲಿ ಕಂಪನಿಯ ಆಳಿಕೆಯೇ ಉಳಿಯಲೆಂದು ಪಾರ್ಲಿಮೆಂಟಿಗೆ ಹೋದ ಅರ್ಜಿಯ ಒಕ್ಕಣೆ ಇವನದೇ. ಅನ್ನವಿತ್ತ ಧಣಿಯ ಪರವಾಗಿ ವಾದಿಸಿದನೆಂದರೆ ವಕೀಲರಾದ ನಮಗೇನೂ ಆಶ್ಚರ್ಯವಿಲ್ಲ. ಆ ವಕಾಲತ್ತನ್ನು ತತ್ತ್ವಶಾಸ್ತ್ರದೊಳಗೆ ತಂದುದೇ ತಪ್ಪು.

ಇದನ್ನು ಖಂಡಿಸಲು ಹೊರಗಿನ ಸಾಕ್ಷಿ ಬೇಕಿಲ್ಲ. ೧೮೬೯ರಲ್ಲಿ ಪ್ರಕಟವಾದ ‘ಸ್ತ್ರೀಯರ ಪರಾಧೀನತೆ’ಯಲ್ಲಿ ಅವನೇ ಹೇಳುವುದೇನು? ರುಜುವಾತಿನ ಭಾರವು ಸ್ವಾತಂತ್ರ್ಯವನ್ನು ಕೇಳುವವರ ಮೇಲಲ್ಲ, ತಡೆಯುವವರ ಮೇಲಿದೆ. ಬಹುಕಾಲ ಅಧೀನದಲ್ಲಿಟ್ಟವರ ನಿಜವಾದ ಯೋಗ್ಯತೆಯನ್ನು ತಾವು ಬಲ್ಲೆವೆಂದು ಯಜಮಾನರು ಹೇಳುವಂತಿಲ್ಲ, ಏಕೆಂದರೆ ಅದನ್ನು ತೋರಿಸುವ ಅವಕಾಶವನ್ನೇ ಅವರಿಗೆ ಕೊಟ್ಟಿಲ್ಲ. ಇದು ಆ ವಾದದ ಸಾರ. ಸ್ತ್ರೀಯರೆಂದಿರುವಲ್ಲಿ ಪರಾಧೀನ ಜನಾಂಗವೆಂದು ಓದಿಕೊಳ್ಳಿರಿ. ೧೮೫೯ರ ಅಪವಾದವು ನಿಲ್ಲುವುದೆಲ್ಲಿ? ಯಾವ ಜನರು ಪಕ್ವರು, ಯಾರು ಅಪಕ್ವರು ಎಂದು ತೀರ್ಪು ಕೊಡಲು ಕುಳಿತವನು ಆ ಖಟ್ಲೆಯಲ್ಲಿ ತಾನೇ ಪ್ರತಿವಾದಿಯಾಗಿದ್ದನು!

ಮಿಲ್ಲನು ಕಪಟಿಯಲ್ಲ. ೧೮೬೫ರಲ್ಲಿ ಜಮೈಕಾ ದ್ವೀಪದ ದಂಗೆಯನ್ನಡಗಿಸುವಾಗ ನೂರಾರು ಕೃಷ್ಣವರ್ಣೀಯರ ಹತ್ಯೆಗೆ ಕಾರಣನಾದ ಗವರ್ನರ್ ಐರನನ್ನು ನ್ಯಾಯಾಸನದ ಮುಂದೆ ನಿಲ್ಲಿಸಲು ಸಮಿತಿಯ ಅಧ್ಯಕ್ಷನಾಗಿ ಹೆಣಗಿದನು. ೧೮೬೭ರಲ್ಲಿ ಸ್ತ್ರೀಯರಿಗೂ ಮತಾಧಿಕಾರವಿರಲೆಂದು ಪಾರ್ಲಿಮೆಂಟಿನಲ್ಲಿ ತಿದ್ದುಪಡಿಯನ್ನು ತಂದನು. ಪರವಾಗಿ ೭೩ ಮತ, ವಿರುದ್ಧವಾಗಿ ೧೯೬. ಮರುವರ್ಷದ ಚುನಾವಣೆಯಲ್ಲಿ ತನ್ನ ಸ್ಥಾನವನ್ನೂ ಕಳೆದುಕೊಂಡನು. ಇಂಥವನು ಬರೆದುದರಿಂದಲೇ ಆ ಅಪವಾದಕ್ಕೆ ಅಷ್ಟು ತೂಕ ಬಂದಿತು. ಆದ್ದರಿಂದ ೧೮೫೯ರ ಗ್ರಂಥವನ್ನು ತರಗತಿಯಲ್ಲಿ ವಿವರಿಸುವ ಉಪಾಧ್ಯಾಯರು ೧೮೬೯ರ ಗ್ರಂಥವನ್ನೂ ಮೇಜಿನ ಮೇಲೆ ಬಿಡಿಸಿಟ್ಟುಕೊಂಡಿರಲೆಂದು ನಮ್ಮ ಬಿನ್ನಹ.