ಅಂಗಳದ ತೊಟ್ಟಿಯ ಗಿಡಕ್ಕೆ ವಾರಕ್ಕೊಂದು ಕೊಡ ನೀರು ಸಾಕಾಗಬೇಕು

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ಹಳ್ಳಿಗಳಲ್ಲಿ ಮನೆಯ ಮುಂದೆ ಸಿಮೆಂಟಿನ ದೊಡ್ಡ ತೊಟ್ಟಿ ಇಟ್ಟುಕೊಳ್ಳುವುದು ಹಳೆಯ ರೂಢಿ. ನೀರು ಯಾವಾಗ ಬರುತ್ತದೆಯೋ ತಿಳಿಯದ ಊರುಗಳಲ್ಲಿ ಬಂದಾಗ ತುಂಬಿಸಿಕೊಳ್ಳಲೇಬೇಕಿತ್ತು. 2019ರಲ್ಲಿ ಜಲ ಜೀವನ ಮಿಷನ್ ಆರಂಭವಾದ ಮೇಲೆ ಅನೇಕ ಊರುಗಳಲ್ಲಿ ಮನೆಯ ಬಾಗಿಲಿಗೇ ನಳ ಬಂದಿದೆ. ಪ್ಲಾಸ್ಟಿಕ್ ಟಾಕಿಗಳೂ ಬಂದಿವೆ. ಹಳೆಯ ತೊಟ್ಟಿಗಳು ಮಾತ್ರ ಬಿರುಕು ಬಿಟ್ಟು ಅಂಗಳದಲ್ಲಿ ಹಾಗೆಯೇ ಕುಳಿತಿವೆ. ಅವನ್ನು ಎತ್ತಿ ಹಾಕುವುದೂ ಕಷ್ಟ, ಇಟ್ಟುಕೊಂಡರೆ ಉಪಯೋಗವೂ ಇಲ್ಲ.

ಇಂತಹ ತೊಟ್ಟಿಯಲ್ಲಿ ಮಳೆಯ ನೀರು ವಾರಗಟ್ಟಲೆ ನಿಂತರೆ ಏನಾಗುತ್ತದೆ ಎಂಬುದನ್ನು ಈ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. 2006ರಲ್ಲಿ ಚಿಕೂನ್‌ಗುನ್ಯಾ ಬಂದು ಮನೆಮಂದಿಯೆಲ್ಲ ಕೀಲುನೋವಿನಿಂದ ಹಾಸಿಗೆ ಹಿಡಿದದ್ದು ಇನ್ನೂ ಮರೆತಿಲ್ಲ. ಆ ರೋಗವನ್ನೂ ಡೆಂಗ್ಯೂವನ್ನೂ ಹರಡುವ ಸೊಳ್ಳೆ ಮನೆಯ ಸುತ್ತ ನಿಂತ ನೀರಿನಲ್ಲಿಯೇ ಹುಟ್ಟುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಎಂಟು-ಹತ್ತು ದಿನ ಸಾಕು. ಆದ್ದರಿಂದ ತೊಟ್ಟಿಯ ತಳಕ್ಕೆ ತೂತು ಹಾಕಿ, ಮಣ್ಣು ತುಂಬಿ, ಗಿಡ ನೆಡುವುದು ಒಳ್ಳೆಯ ಕೆಲಸ. ಆದರೆ ಯಾವ ಗಿಡ? ಇದು ತೋಟಗಾರಿಕೆಯವರ ವಿಷಯ, ಬೇಸಾಯ ಶಾಸ್ತ್ರದವನಿಗೆ ಇಲ್ಲಿ ಏನು ಕೆಲಸ ಎಂದು ಓದುಗರು ಕೇಳಬಹುದು. ತೊಟ್ಟಿಯ ಗಿಡ ಬದುಕುವುದು, ಸಾಯುವುದು ನೀರಿನ ಲೆಕ್ಕದ ಮೇಲೆ. ಆ ಲೆಕ್ಕ ಬೇಸಾಯದ್ದೇ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವಾರಕ್ಕೆ ಒಂದು ಕೊಡ ನೀರಿನಲ್ಲಿ ಬೇಸಿಗೆ ಕಳೆಯಲಾರದ ಗಿಡ ನಮ್ಮ ಅಂಗಳದ ತೊಟ್ಟಿಗೆ ತಕ್ಕದ್ದಲ್ಲ. ಅದು ಎಷ್ಟೇ ಚೆಲುವಾಗಿರಲಿ, ಎಷ್ಟೇ ಲಾಭದ್ದಾಗಿರಲಿ. ಏಕೆಂದರೆ ಗಿಡ ತರುವವರು ಸಾಮಾನ್ಯವಾಗಿ ಗಂಡಸರು, ನೀರು ಹೊರುವವರು ಹೆಂಗಸರು. ನಳ ಬತ್ತಿ ಟ್ಯಾಂಕರಿಗೆ ಕಾಯುವ ಏಪ್ರಿಲ್-ಮೇ ತಿಂಗಳಲ್ಲಿ ದಿನಕ್ಕೊಂದು ಕೊಡ ಕೇಳುವ ಗಿಡ ಆ ತಾಯಿಯ ತಲೆಯ ಮೇಲಿನ ಭಾರವೇ ಹೊರತು ಅಂಗಳದ ಶೋಭೆಯಲ್ಲ.

ತೊಟ್ಟಿಯ ನೀರಿನ ಲೆಕ್ಕ

ಮೂರು ಅಡಿ ಅಗಲ, ಎರಡೂವರೆ ಅಡಿ ಎತ್ತರದ ದುಂಡನೆಯ ತೊಟ್ಟಿಯನ್ನು ತೆಗೆದುಕೊಳ್ಳೋಣ. ಮೇಲೆ ನಾಲ್ಕು ಬೆರಳು ಬಿಟ್ಟು ತುಂಬಿದರೆ ಸುಮಾರು 420 ಲೀಟರ್ ಮಣ್ಣು ಹಿಡಿಯುತ್ತದೆ. ಹದವಾದ ಮಣ್ಣಿನಲ್ಲಿ ಬೇರು ಎಳೆದುಕೊಳ್ಳಬಲ್ಲ ನೀರು ನೂರಕ್ಕೆ 12 ಪಾಲು ಎಂದು ಹಿಡಿದರೆ 50 ಲೀಟರ್ ಆಯಿತು. ಇದು 15 ಲೀಟರಿನ ಮೂರು ಕೊಡಕ್ಕಿಂತ ತುಸು ಹೆಚ್ಚು. ಅದೇ ಸಣ್ಣ ಕುಂಡದಲ್ಲಿ ಹತ್ತು ಲೀಟರ್ ಮಣ್ಣಿದ್ದರೆ ಗಿಡಕ್ಕೆ ದಕ್ಕುವ ನೀರು ಒಂದು ತಂಬಿಗೆಯಷ್ಟು ಮಾತ್ರ. ಬೇಸಿಗೆಯ ಒಂದು ದಿನದ ಬಿಸಿಗಾಳಿ ಅದನ್ನು ಕುಡಿದು ಮುಗಿಸುತ್ತದೆ.

ನಮ್ಮಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ತೆರೆದಿಟ್ಟ ನೀರು ದಿನಕ್ಕೆ 8ರಿಂದ 10 ಮಿ.ಮೀ. ಆವಿಯಾಗುತ್ತದೆ. ಈ ತೊಟ್ಟಿಯ ಬಾಯಿಯ ಅಳತೆಗೆ ಅದು ದಿನಕ್ಕೆ 5ರಿಂದ 6 ಲೀಟರ್ ಆಗುತ್ತದೆ. ಮೇಲೆ ಹೊದಿಕೆ ಹಾಕಿ, ಬರ ತಡೆಯುವ ಗಿಡ ನೆಟ್ಟರೆ ಖರ್ಚು ಎರಡು-ಮೂರು ಲೀಟರಿಗೆ ಇಳಿಯುತ್ತದೆ. ವಾರಕ್ಕೊಂದು ಕೊಡ ಎಂದು ನಾನು ಹೇಳುವುದು ಈ ಲೆಕ್ಕದಿಂದ. ಮನೆಯವರು ಜಾತ್ರೆಗೋ ಮದುವೆಗೋ ಹೋಗಿ ಎರಡು ವಾರ ಬೀಗ ಹಾಕಿದರೂ ತುಂಬಿದ ತೊಟ್ಟಿಯಲ್ಲಿ ಗಿಡ ಉಳಿದೀತು.

ಇದು ನಮ್ಮ ರೈತರಿಗೆ ಹೊಸದೇನಲ್ಲ. ಆಳವಾದ ಎರಿ ಹೊಲದಲ್ಲಿ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಜೋಳ ಆಮೇಲೆ ಮಳೆ ಬಾರದಿದ್ದರೂ ನೆಲದಲ್ಲಿ ಕೂಡಿಟ್ಟ ಹಸಿಯ ಮೇಲೆಯೇ ತೆನೆ ಕಟ್ಟುತ್ತದೆ. ಅದೇ ಜೋಳವನ್ನು ತೆಳುವಾದ ಮರಡಿ ಹೊಲದಲ್ಲಿ ಬಿತ್ತಿದರೆ ಹೊಡೆ ಬಿಚ್ಚುವ ಮೊದಲೇ ಒಣಗುತ್ತದೆ. ದೊಡ್ಡ ತೊಟ್ಟಿ ಎರಿ ಹೊಲದ ಹಾಗೆ, ಸಣ್ಣ ಕುಂಡ ಮರಡಿಯ ಹಾಗೆ. ಆದ್ದರಿಂದ ಆರೈಕೆ ಕಡಿಮೆ ಬೇಕೆನ್ನುವವರು ಹತ್ತು ಕುಂಡ ಇಡುವ ಬದಲು ಒಂದೇ ದೊಡ್ಡ ತೊಟ್ಟಿ ಇಡುವುದು ಲೇಸು.

ಮಣ್ಣು ತುಂಬುವ ಬಗೆ

ಹೊಲದ ಎರಿ ಮಣ್ಣನ್ನೇ ತಂದು ತೊಟ್ಟಿಗೆ ಸುರಿಯುವುದು ಎಲ್ಲರೂ ಮಾಡುವ ತಪ್ಪು. ಎರಿ ಮಣ್ಣು ಹಸಿಯಾದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ತೊಟ್ಟಿಯ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಆಗ ಹಾಕಿದ ನೀರು ಆ ಸಂದಿಯಿಂದಲೇ ಕೆಳಗಿಳಿದು ಹೋಗುತ್ತದೆ, ನಡುವಿನ ಹೆಂಟೆ ಒಣಗಿಯೇ ಉಳಿಯುತ್ತದೆ. ಮಸಾರಿ ಮಣ್ಣು ಎರಡು ಪಾಲು, ಮರಳು ಅಥವಾ ಸಣ್ಣ ಗರಸು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಒಂದು ಪಾಲು ಬೆರೆಸಿ ತುಂಬಬೇಕು.

ತೊಟ್ಟಿಯನ್ನು ನಾಲ್ಕು ಕಲ್ಲಿನ ಮೇಲೆ ಕೂಡಿಸಿ, ತಳದಲ್ಲಿ ಅಥವಾ ಗೋಡೆಯ ಬುಡದಲ್ಲಿ ಚಾಣದಿಂದ ಹೆಬ್ಬೆರಳು ಗಾತ್ರದ ನಾಲ್ಕೈದು ತೂತು ಹಾಕಬೇಕು. ತೂತಿನ ಮೇಲೆ ಹಂಚಿನ ಚೂರು ಇಟ್ಟರೆ ಸಾಕು. ನೀರು ಬಸಿಯಲೆಂದು ಅರ್ಧ ತೊಟ್ಟಿಯ ತನಕ ಕಲ್ಲು ತುಂಬುವ ರೂಢಿಯನ್ನು ಬಿಡಬೇಕು. ಕಲ್ಲು ತುಂಬಿದಷ್ಟು ಮಣ್ಣು ಕಡಿಮೆಯಾಗುತ್ತದೆ, ಮಣ್ಣು ಕಡಿಮೆಯಾದಷ್ಟು ಕೂಡಿಡುವ ನೀರೂ ಕಡಿಮೆ. ಇನ್ನೊಂದು ಎಚ್ಚರಿಕೆಯೂ ಬೇಕು. ಹಸಿ ಮಣ್ಣು ತುಂಬಿದ ಈ ತೊಟ್ಟಿಯ ತೂಕ ಆರೇಳು ಕ್ವಿಂಟಲಿಗೆ ಕಡಿಮೆಯಿಲ್ಲ. ಮಣ್ಣಿನ ಮಾಳಿಗೆಯ ಮೇಲೆ ಇದನ್ನು ಎಂದಿಗೂ ಇಡಬಾರದು. ಜಾಗ ಗೊತ್ತುಮಾಡಿದ ನಂತರವೇ ಮಣ್ಣು ತುಂಬಬೇಕು.

ಯಾವ ಗಿಡ ಬೇಡ

ಇಂಡಿಯ ಕಡೆಯ ರೈತರು ಮೊದಲು ಕೇಳುವುದು ಲಿಂಬೆಯನ್ನು. ಲಿಂಬೆಗೆ ಹೆಸರಾದ ನಾಡಿನಲ್ಲಿ ಈ ಆಸೆ ಸಹಜ. ಲಿಂಬೆ ತೊಟ್ಟಿಯಲ್ಲಿ ಬೆಳೆಯುತ್ತದೆ, ಸುಳ್ಳಲ್ಲ. ಆದರೆ ಎಲೆ ತಿನ್ನುವ ಹುಳು, ಎಲೆ ಸುರಂಗ ಕೀಟ, ಲಘು ಪೋಷಕಾಂಶದ ಕೊರತೆಯಿಂದ ಬರುವ ಹಳದಿ ಎಲೆ, ಇವೆಲ್ಲಕ್ಕೂ ಕೈ ಹಚ್ಚುತ್ತಲೇ ಇರಬೇಕು. ಹೂ-ಕಾಯಿ ಹಿಡಿದಾಗ ನೀರು ತಪ್ಪಿದರೆ ಉದುರಿಸಿಬಿಡುತ್ತದೆ. ಲಿಂಬೆಯನ್ನು ತೋಟದಲ್ಲಿಯೇ ಬೆಳೆಯುವುದು ಮೇಲು.

ದಾಳಿಂಬೆ ಬರ ತಡೆಯುತ್ತದೆ. ಆದರೂ ಅಂಗಳಕ್ಕೆ ಬೇಡವೆಂದೇ ನನ್ನ ಸಲಹೆ. ದುಂಡಾಣು ಅಂಗಮಾರಿ ರೋಗ ನಮ್ಮ ದಾಳಿಂಬೆ ಬೆಳೆಗಾರರನ್ನು ಎಷ್ಟು ನೋಯಿಸಿದೆ ಎಂಬುದು ತಿಳಿದದ್ದೇ. ಸಿಂಪರಣೆ ಇಲ್ಲದ ಅಂಗಳದ ಒಂದು ಗಿಡ ನೆರೆಯ ತೋಟಕ್ಕೆ ರೋಗದ ತವರಾಗಬಹುದು.

ಕಣಗಿಲೆ, ಅಂದರೆ ಗಣಗಲ, ನೀರಿಲ್ಲದೆಯೂ ಬದುಕುತ್ತದೆ, ವರ್ಷವಿಡೀ ಪೂಜೆಗೆ ಹೂ ಕೊಡುತ್ತದೆ. ಆದರೆ ಅದರ ಎಲೆ, ಕಡ್ಡಿ, ಹೂ ಎಲ್ಲವೂ ವಿಷ. ಕತ್ತರಿಸಿ ಎಸೆದ ಒಣ ಎಲೆಯಲ್ಲಿಯೂ ವಿಷ ಉಳಿದಿರುತ್ತದೆ. ಎತ್ತು, ಎಮ್ಮೆ ಕಟ್ಟುವ, ಮಕ್ಕಳು ಆಡುವ ಅಂಗಳದಲ್ಲಿ ಇದಕ್ಕೆ ಜಾಗವಿಲ್ಲ.

ದುಂಡುಮಲ್ಲಿಗೆಯ ಮಾತು ಬೇರೆ. ಗಿಡ ಗಟ್ಟಿಯೇ. ಆದರೆ ಅದು ಹೂ ಬಿಡುವುದು ಮಾರ್ಚ್‌ನಿಂದ ಜೂನ್ ತನಕ, ನಮಗೆ ನೀರಿನ ಬಿಗಿ ಇರುವ ಕಾಲದಲ್ಲಿಯೇ. ಬಚ್ಚಲ ನೀರು ಸರಾಗವಾಗಿ ಸಿಗುವ ಮನೆಯವರು ಇಟ್ಟುಕೊಳ್ಳಲಿ. ನುಗ್ಗೆ, ಬಿಲ್ವ, ಬೇವು ನೆಲದ ಮರಗಳು. ಅವನ್ನು ತೊಟ್ಟಿಯಲ್ಲಿ ಕೂಡಿಸುವುದು ಎತ್ತನ್ನು ಕೋಳಿಗೂಡಿನಲ್ಲಿ ಕಟ್ಟಿದಂತೆ.

ಯಾವ ಗಿಡ ಒಳಿತು

ನನ್ನ ಮೊದಲ ಆಯ್ಕೆ ಕರಿಬೇವು. ದಿನವೂ ಅಡಿಗೆಗೆ ಬೇಕು, ಬಿಸಿಲಿಗೆ ಅಂಜುವುದಿಲ್ಲ, ನೀರು ತಪ್ಪಿದರೆ ಎಲೆ ಉದುರಿಸಿ ಮತ್ತೆ ಚಿಗುರುತ್ತದೆ. ಧಾರವಾಡದ ಡಿಡಬ್ಲ್ಯುಡಿ-1 ಮತ್ತು ಡಿಡಬ್ಲ್ಯುಡಿ-2 ತಳಿಗಳು ಒಳ್ಳೆಯ ಪರಿಮಳದವು. ಮೊದಲನೆಯದು ಚಳಿಗಾಲದಲ್ಲಿ ಚಿಗುರುವುದು ಕಡಿಮೆ, ಎರಡನೆಯದಕ್ಕೆ ಆ ತೊಂದರೆ ಇಲ್ಲ. ಮುಂಗಾರಿ ಹತ್ತಿದ ಮೇಲೆ ಜೂನ್-ಜುಲೈನಲ್ಲಿ ಒಂದು ಮೊಳ ಎತ್ತರದ ಸಸಿ ನೆಟ್ಟು, ಮೊದಲ ವರ್ಷ ಎಲೆ ಕೀಳದೆ ಬೆಳೆಸಬೇಕು. ಮೂರಡಿ ಎತ್ತರಕ್ಕೆ ತುದಿ ಚಿವುಟಿದರೆ ಪೊದೆಯಾಗುತ್ತದೆ. ಬುಡದಿಂದ ಏಳುವ ಮರಿಸಸಿಗಳನ್ನು ತೆಗೆಯುತ್ತಿರಬೇಕು. ಲಿಂಬೆಯ ಎಲೆ ತಿನ್ನುವ ಹುಳುವೇ ಇದಕ್ಕೂ ಬರುವುದುಂಟು. ತಿನ್ನುವ ಎಲೆಗೆ ಔಷಧ ಸಿಂಪಡಿಸದೆ ಕೈಯಿಂದ ಆರಿಸಿ ಹಾಕಬೇಕು. ವರ್ಷಕ್ಕೊಮ್ಮೆ ಒಂದು ಬುಟ್ಟಿ ಗೊಬ್ಬರ ಸಾಕು.

ಹೂ ಬೇಕೆನ್ನುವವರಿಗೆ ಎರಡು ಗಿಡಗಳಿವೆ. ನಿತ್ಯಪುಷ್ಪ ತಾನೇ ಬೀಜ ಚೆಲ್ಲಿ ತಾನೇ ಹುಟ್ಟುತ್ತದೆ. ಕಹಿಯಾದ್ದರಿಂದ ಆಡು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ, ಮಕ್ಕಳು ಬಾಯಿಗೆ ಹಾಕದಂತೆ ಮಾತ್ರ ನೋಡಿಕೊಳ್ಳಬೇಕು. ಕಾಗದದ ಹೂವಿನ ಬಳ್ಳಿ ನೀರು ಕಡಿಮೆಯಾದಾಗಲೇ ಹೆಚ್ಚು ಹೂ ಬಿಡುತ್ತದೆ, ಅದರ ಮುಳ್ಳೇ ಅದಕ್ಕೆ ಬೇಲಿ. ಸುಗ್ಗಿ ಮುಗಿಸಿ ಗೋವಾ, ಮಹಾರಾಷ್ಟ್ರಗಳಿಗೆ ದುಡಿಯಲು ಹೋಗಿ ತಿಂಗಳುಗಟ್ಟಲೆ ಮನೆಗೆ ಬೀಗ ಹಾಕುವ ಕುಟುಂಬಗಳಿಗೆ ಲೋಳೆಸರ ಅಥವಾ ಮಂಗರವಳ್ಳಿ ತಕ್ಕದ್ದು. ಇವು ತಮ್ಮ ಮೈಯಲ್ಲಿಯೇ ನೀರು ಇಟ್ಟುಕೊಳ್ಳುತ್ತವೆ. ಕಟ್ಟೆಯ ತುಳಸಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಭಕ್ತಿಯಿಂದ ದಿನವೂ ನೀರು ಬೀಳುವ ಗಿಡ ಅದು. ಕದಿರನ್ನು ಆಗಾಗ ಚಿವುಟಿದರೆ ಹೆಚ್ಚು ದಿನ ಬಾಳುತ್ತದೆ.

ಒಂದು ತೊಟ್ಟಿಗೆ ಒಂದೇ ಜಾತಿಯ ಗಿಡ ಇರಲಿ. ಹೊಲದಲ್ಲಿ ಅಕ್ಕಡಿ ಹಾಕುತ್ತೇವಲ್ಲ, ಇಲ್ಲೇಕೆ ಬೇಡ ಎಂದು ರೈತರು ಕೇಳಿದ್ದುಂಟು. ಹೊಲದಲ್ಲಿ ಒಂದರ ಬೇರು ಮೇಲೆ, ಇನ್ನೊಂದರದು ಆಳಕ್ಕೆ ಹೋಗುತ್ತದೆ. ತೊಟ್ಟಿಯಲ್ಲಿ ಎಲ್ಲ ಬೇರುಗಳೂ ಎರಡೇ ಅಡಿಯಲ್ಲಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ನಾನೇ ಒಮ್ಮೆ ಒಂದೇ ತೊಟ್ಟಿಯಲ್ಲಿ ಕರಿಬೇವು, ದಾಸವಾಳ, ಲೋಳೆಸರ ನೆಟ್ಟು ಪಾಠ ಕಲಿತಿದ್ದೇನೆ. ದಾಸವಾಳಕ್ಕೆಂದು ಹಾಕಿದ ನೀರಿಗೆ ಲೋಳೆಸರ ಕೊಳೆಯಿತು. ಬೇಸಿಗೆಯ ರಜೆ ಮುಗಿಸಿ ಬರುವಷ್ಟರಲ್ಲಿ ದಾಸವಾಳವೂ ಒಣಗಿತ್ತು. ಉಳಿದದ್ದು ಕರಿಬೇವು ಒಂದೇ.

ಯಾವ ನೀರು, ಎಷ್ಟು ನೀರು

ಸ್ನಾನದ ನೀರು, ಕಾಳು-ಕಾಯಿಪಲ್ಲೆ ತೊಳೆದ ನೀರು ನಡೆಯುತ್ತದೆ. ಬಟ್ಟೆ ಒಗೆದ ಸೋಡಾ, ಸಾಬೂನು ಪುಡಿಯ ನೀರನ್ನು ಮಾತ್ರ ಹಾಕಬಾರದು. ಕಾಲುವೆ ನೀರು ಹೆಚ್ಚಾಗಿ, ಬಸಿಯದೆ ನಿಂತು ಹೊಲ ಸವಳಾಗುವುದನ್ನು ತಾವು ಕಂಡಿದ್ದೀರಿ. ತೊಟ್ಟಿಯ ಮಣ್ಣು ಸವಳಾಗಲು ಒಂದೆರಡು ವರ್ಷ ಸಾಕು. ಉಪ್ಪು ಇರುವ ಕೊಳವೆ ಬಾವಿಯ ನೀರು ಹಾಕುವವರು ಮಳೆಗಾಲದಲ್ಲಿ ತೂತು ಕಟ್ಟಿಕೊಳ್ಳದಂತೆ ನೋಡಿಕೊಳ್ಳಬೇಕು. ಮಳೆಯೇ ಆ ಉಪ್ಪನ್ನು ತೊಳೆದು ಹಾಕುತ್ತದೆ.

ನಮ್ಮ ಜಿಲ್ಲೆಯ ವರ್ಷದ ಮಳೆ 600 ಮಿ.ಮೀ. ಆಸುಪಾಸು. ಅಷ್ಟು ಮಳೆಯಾದರೆ ತೊಟ್ಟಿಯ ಬಾಯಿಗೆ ಬೀಳುವುದು ಸುಮಾರು 390 ಲೀಟರ್, ಅಂದರೆ 26 ಕೊಡ. ಇದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಅಕ್ಟೋಬರದೊಳಗೆ ಬರುತ್ತದೆ. ಆ ತಿಂಗಳುಗಳಲ್ಲಿ ಗಿಡದ ಗೊಡವೆಗೆ ಹೋಗಬೇಕಾಗಿಲ್ಲ. ಉಳಿದ ಕಾಲದಲ್ಲಿ ದಿನಕ್ಕೊಂದು ಚರಿಗೆ ಚಿಮುಕಿಸುವುದಕ್ಕಿಂತ ವಾರಕ್ಕೊಮ್ಮೆ ಪೂರ್ತಿ ಕೊಡವನ್ನು ಸಂಜೆ ನಿಧಾನವಾಗಿ ಹಾಕುವುದು ಮೇಲು. ಚಿಮುಕಿಸಿದ ನೀರು ಮೇಲೆಯೇ ಆರಿಹೋಗುತ್ತದೆ, ಬೇರೂ ಮೇಲೆಯೇ ಉಳಿಯುತ್ತದೆ. ಮಣ್ಣಿನ ಮೇಲೆ ಮೂರು ಬೆರಳು ದಪ್ಪ ಕಬ್ಬಿನ ರವದಿ ಅಥವಾ ಶೇಂಗಾ ಸಿಪ್ಪೆ ಹೊದಿಸಬೇಕು. ಲೋಳೆಸರದ ತೊಟ್ಟಿಗೆ ಹೊದಿಕೆಯೂ ಬೇಡ, ವಾರದ ಕೊಡವೂ ಬೇಡ, ತಿಂಗಳಿಗೊಮ್ಮೆ ಹಾಕಿದರೆ ಸಾಕು.

ಸಸಿ ಕೊಳ್ಳಲು ಹೋದಾಗ ನಮ್ಮ ರೈತರು ಬೆಲೆ ಕೇಳುತ್ತಾರೆ, ಹೂವಿನ ಬಣ್ಣ ಕೇಳುತ್ತಾರೆ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಮೇ ತಿಂಗಳಲ್ಲಿ ಇದಕ್ಕೆ ಎಷ್ಟು ಕೊಡ ನೀರು ಬೇಕು? ಉತ್ತರವನ್ನು ನೀರು ಹೊರುವವರ ಮುಂದಿಟ್ಟು, ಅವರು ಒಪ್ಪಿದ ಗಿಡವನ್ನೇ ತರಬೇಕು. ಹಾಗೆ ತಂದ ಗಿಡ ಬಹುಕಾಲ ಬಾಳುತ್ತದೆ. ಈ ಮುಂಗಾರಿಗೆ ಅಂಗಳದ ಒಂದು ಹಳೆಯ ತೊಟ್ಟಿಗಾದರೂ ತೂತು ಹಾಕಿ ಒಂದು ಕರಿಬೇವಿನ ಸಸಿ ನೆಡಲು ಈಗಲೇ ಸಿದ್ಧತೆ ಮಾಡಿಕೊಳ್ಳಿರಿ.